ಕೂಕುಳು ಕೇಳದ ಸಂಜೆಗಳು

ಅಥವಾ ಆ ಬಲ್ಬು ಅಷ್ಟು ಕೆಂಪಗೆ ಇರಲೇ ಇಲ್ಲವೋ ಏನೋ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಹೇಳಲಿರುವುದೆಲ್ಲ ಆ ಕೆಂಪಿನ ಮೇಲೆಯೇ ನಿಂತಿದೆ. ಒಂದು ಬಣ್ಣವನ್ನು ಇಷ್ಟು ವರ್ಷ ತಲೆಯೊಳಗೆ ಇಟ್ಟರೆ ಅದು ಭರಣಿಯಲ್ಲಿಟ್ಟ ಉಪ್ಪಿನಕಾಯಿಯ ಹಾಗೆ ತಾನಾಗಿ ಗಾಢವಾಗುತ್ತದೆ.

ಮೊನ್ನೆ ಪುತ್ತೂರಿನಲ್ಲಿ ಹೊಸದಾಗಿ ತೆರೆದ ಹೋಟೆಲೊಂದಕ್ಕೆ ತಂಗಿಯ ಮಗಳು ನನ್ನನ್ನು ಕರೆದುಕೊಂಡು ಹೋದಳು. ಪ್ರತಿ ಮೇಜಿನ ಮೇಲೂ ಒಂದೊಂದು ಬಲ್ಬು ಇಳಿಬಿಟ್ಟಿದ್ದರು. ಗಾಜಿನೊಳಗಿನ ತಂತಿಯ ಸುತ್ತುಗಳು ಕಾಣುವಷ್ಟು ಮಂದ ಬೆಳಕು, ಒಲೆಯಲ್ಲಿ ಮರೆತ ಕೆಂಡದ ಬಣ್ಣ.

“ಎಷ್ಟು ಚಂದ ಉಂಟಲ್ಲ ದೊಡ್ಡಮ್ಮ,” ಎಂದಳು.

“ಯಾರೋ ಪಂಪು ಹಾಕಿದ್ದಾರೆ,” ಎಂದೆ.

ಅವಳು ನನ್ನ ಮುಖ ನೋಡಿದಳು. ಇದು ಫ್ಯಾಶನ್ನು, ಇಂಥ ಬಲ್ಬಿಗೆ ಮಾಮೂಲಿಗಿಂತ ರೇಟು ಜಾಸ್ತಿ ಎಂದು ಬಿಡಿಸಿ ಹೇಳಿದಳು. ನಾವು ಬಯ್ದುಕೊಂಡು ಸಹಿಸಿದ ಬೆಳಕಿಗೆ ಈಗ ಜನ ಹುಡುಕಿಕೊಂಡು ಬರುತ್ತಾರೆ ಎಂದು ನನಗೆ ನಗು ಬಂತು. ಕಾಫಿ ಬರುವಷ್ಟರಲ್ಲಿ ನಾನು ಆ ಮೇಜಿನಲ್ಲಿ ಇರಲಿಲ್ಲ. ಐವರ್ನಾಡಿನ ಒಂದು ಕೋಳಿಗೂಡಿನಲ್ಲಿ, ಮರದ ಹುಡಿಯ ಮೇಲೆ ಕಾಲು ಮಡಚಿ ಕೂತಿದ್ದೆ.

ಎಂಬತ್ತರ ದಶಕದ ಆರಂಭ. ಐವರ್ನಾಡಿನಿಂದ ಇನ್ನೂ ಸ್ವಲ್ಪ ಒಳಗಿನ ಶಾಲೆಗೆ ನಾನು ಟೀಚರಾಗಿ ಹೋಗಿದ್ದೆ, ಸೀತಕ್ಕನ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಪುತ್ತೂರು ಪೇಟೆಯವಳು ಎಂಬ ಸಣ್ಣ ಗತ್ತು ನನಗಿತ್ತು. ಪುತ್ತೂರಿನಲ್ಲೂ ಕರೆಂಟು ದಿನವೂ ಹೋಗುತ್ತಿತ್ತು, ಹಿಟ್ಟಿನ ಗಿರಣಿಯ ಸದ್ದು ನಿಂತರೆ ಅಮ್ಮ ಮಿಕ್ಸಿಯಲ್ಲಿದ್ದ ಹುಳಿಯ ಮಸಾಲೆಯನ್ನು ತೆಗೆದು ರುಬ್ಬುವ ಕಲ್ಲಿಗೆ ಹಾಕುತ್ತಿದ್ದಳು. ಅದನ್ನು ಮಾತ್ರ ನಾನು ಆ ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಸೀತಕ್ಕನ ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಕ್ಕಳಿಲ್ಲ. ಗುಡ್ಡದ ಬದಿಯಲ್ಲಿ ಮನೆ, ಅದರ ಸುತ್ತ ಬೇಸಿಗೆಯಲ್ಲಿ ಏನೂ ಬೆಳೆಯದ ಒಣ ಜಾಗ. ಅವಳ ಅಣ್ಣ ಕುಶಾಲಪ್ಪ ಮಂಡೆಕೋಲಿನವನು. ತಂಗಿ ಒಬ್ಬಳೇ ಇರುವುದು ಅವನಿಗೆ ಸರಿಕಾಣುತ್ತಿರಲಿಲ್ಲ, ಬಂದಾಗಲೆಲ್ಲ ಮನೆಗೆ ಬಾ ಎಂದು ಕರೆಯುತ್ತಿದ್ದ. ಹೋದರೆ ಅಲ್ಲಿ ಊಟಕ್ಕೆ, ಮರ್ಯಾದೆಗೆ ಕೊರತೆ ಇರುತ್ತಿರಲಿಲ್ಲ. ಆದರೆ ಇನ್ನೊಬ್ಬರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಬೇಕಾಗುತ್ತದಲ್ಲ, ಅದು ಸೀತಕ್ಕನಿಗೆ ಬೇಡವಾಗಿತ್ತು. ಹಾಗಾಗಿ ಅವಳು ಕೋಳಿ ಸಾಕಲು ಹೊರಟಳು. ಅಂಗಳದಲ್ಲಿ ಕೆದಕುವ ಊರ ಕೋಳಿಯಲ್ಲ, ಬಿಳಿಯ ಫಾರ್ಮಿನ ಕೋಳಿ. ಒಂದು ದಿನದ ಮರಿಗಳು ತೂತು ಮಾಡಿದ ರಟ್ಟಿನ ಪೆಟ್ಟಿಗೆಗಳಲ್ಲಿ ಮಂಗಳೂರಿನ ಬಸ್ಸಿನಲ್ಲಿ ಬಂದವು. ಬಸ್ಸಿಡೀ ಚಿಯೋ ಚಿಯೋ ಎನ್ನುತ್ತಿತ್ತಂತೆ.

“ಇವು ಬದುಕಿದ್ರೆ ನಾನು ಇಲ್ಲೇ. ಸತ್ರೆ ಬಾಗಿಲು ಹಾಕಿ ನಿನ್ನ ಒಟ್ಟಿಗೆ ಬರ್ತೇನೆ, ಆಯ್ತಾ?” ಎಂದು ಅವಳು ಅಣ್ಣನಿಗೆ ಮಾತು ಕೊಟ್ಟಳು.

“ಬರುವ ಆದಿತ್ಯವಾರ ಬರ್ತೇನೆ. ಮತ್ತೆ ಮಾತು ತಪ್ಪಬೇಡ,” ಎಂದ ಕುಶಾಲಪ್ಪ.

ಅಣ್ಣ ತಂಗಿ ಮಾತಾಡಿದ್ದು ಅವರ ಮನೆಮಾತಾದ ಅರೆಭಾಷೆಯಲ್ಲಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದ್ದರಿಂದ ಇದು ಅವರ ಮಾತಲ್ಲ, ಅವರ ಮಾತಿನ ನನ್ನ ನಕಲು. ಅವಳ ದನಿ ಆಗ ನಡುಗಿತು ಎಂದೂ ಒಂದು ವಾಕ್ಯ ಬರೆದಿದ್ದೆ, ಹೊಡೆದುಹಾಕಿದೆ. ನಡುಗಿತೋ ಇಲ್ಲವೋ ನೆನಪಿಲ್ಲ, ನಡುಗಿದ್ದರೆ ಚೆನ್ನ ಎಂದು ನನ್ನ ಕೈಗೆ ಅನ್ನಿಸಿದ್ದಷ್ಟೇ.

ತಾಯಿಕೋಳಿ ಇಲ್ಲದ ಮರಿಗಳಿಗೆ ಶಾಖ ಬೇಕು. ಮರದ ಹುಡಿ ಹಾಸಿದ ಗೂಡಿನಲ್ಲಿ ತಗಡಿನ ಒಂದು ದೊಡ್ಡ ಟೋಪಿ ಇಳಿಬಿಟ್ಟು, ಅದರ ಹೊಟ್ಟೆಯಲ್ಲಿ ನಾಲ್ಕಾರು ದೊಡ್ಡ ಬಲ್ಬು ಉರಿಸಬೇಕು. ಪುಕ್ಕ ಬರುವವರೆಗೆ ಅದೇ ಅಮ್ಮ. ಇಡೀ ಮನೆಯಲ್ಲಿ ಓದುವಷ್ಟು ಬೆಳಕಿದ್ದದ್ದು ಅಲ್ಲಿ ಮಾತ್ರ. ಬಾಡಿಗೆ ಕೊಡುತ್ತಿದ್ದವಳು ನಾನು, ಒಳ್ಳೆಯ ಬಲ್ಬುಗಳು ಮರಿಗಳಿಗೆ. ಮಕ್ಕಳ ಕಾಪಿ ಪುಸ್ತಕಗಳನ್ನು ಗೂಡಿನೊಳಗೆ ಕೂತೇ ತಿದ್ದುತ್ತಿದ್ದೆ. ಮರುದಿನ ಶಾಲೆಯಲ್ಲಿ ಮಕ್ಕಳು ಪುಸ್ತಕ ಮೂಸಿ ನೋಡುವುದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದೆ.

ಈಗ ಕರೆಂಟಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಆ ಕಣಿವೆಗೆ ಕಂಬಗಳು ಬಂದದ್ದು ಎಪ್ಪತ್ತರ ದಶಕದಲ್ಲಂತೆ. ಆಗ ಮನೆಗೆ ಒಂದೋ ಎರಡೋ ದೀಪ. ಆಮೇಲೆ ಪಂಪುಗಳು ಬಂದವು. ಸರಕಾರ ಎಳೆದುಕೊಟ್ಟದ್ದು ದೀಪದ ತಂತಿ, ನಾವು ಅದರಲ್ಲಿ ಕೆರೆಯನ್ನೇ ಎತ್ತಲು ಹೊರಟೆವು. ಟ್ರಾನ್ಸ್‌ಫಾರ್ಮರಿನ ಹತ್ತಿರ ಭಟ್ಟರ ತೋಟ, ಅದಾದ ಮೇಲೆ ದೇರಣ್ಣ ಗೌಡರದು, ಲೈನಿನ ಕಟ್ಟಕಡೆಗೆ ಸೀತಕ್ಕ. ಪಂಪು ನಡೆಸುವಷ್ಟು ಕರೆಂಟು ಬರುತ್ತಿದ್ದದ್ದು ಸಂಜೆ ಮಾತ್ರ. ಎರಡು ಪಂಪು ಒಟ್ಟಿಗೆ ಹಾಕಿದರೆ ಎರಡೂ ಮೋಟರು ಗುಂಯ್‌ಗುಟ್ಟಿ ಸುಟ್ಟುಹೋಗುವ ಭಯ. ಅದಕ್ಕೆ ಅವರಿಬ್ಬರಲ್ಲಿ ಒಂದು ಕ್ರಮವಿತ್ತು. ಮೊದಲು ಹಾಕಿದವರು ನೀರು ಸಾಕಾದ ಮೇಲೆ ಪಂಪು ನಿಲ್ಲಿಸಿ, ಕೆರೆಯ ದಂಡೆಯ ಮೇಲೆ ನಿಂತು ಕೂಕುಳು ಹಾಕಬೇಕು. ‘ಕೂ’ ಎಂಬ ಆ ಉದ್ದನೆಯ ಕೂಗು ಕಣಿವೆ ದಾಟಿ ಇನ್ನೊಬ್ಬರಿಗೆ ಕೇಳಿದ ಮೇಲೆ ಅವರ ಪಂಪು ಶುರು. ಕೂಕುಳು ಕೇಳದೆ ಹಾಕುವ ಹಾಗಿಲ್ಲ. ಒಂದು ತಿಂಗಳು ಒಬ್ಬರು ಮೊದಲು, ಮುಂದಿನ ತಿಂಗಳು ಇನ್ನೊಬ್ಬರು.

ಈ ಕ್ರಮದಲ್ಲಿ ಸೀತಕ್ಕನ ಹೆಸರು ಇರಲಿಲ್ಲ. ಅವಳಿಗೆ ಪಂಪೇ ಇರಲಿಲ್ಲವಲ್ಲ.

ಮರಿಗಳು ಬಂದ ಸಂಜೆಯೇ ಗೊತ್ತಾಯಿತು. ಪಂಪು ಶುರುವಾದ ಕೂಡಲೇ ಲೈನಿನ ತುದಿಯ ಬಲ್ಬುಗಳು ಕುಗ್ಗಿ ಕೆಂಪಾದವು. ಹಾಗೆಂದು ನನ್ನ ನೆನಪು. ತಗಡಿನಡಿಯ ಶಾಖ ಇಳಿಯಿತು. ಮರಿಗಳು ಒಂದರ ಮೇಲೊಂದು ಹತ್ತಿ ಮೂಲೆಯಲ್ಲಿ ರಾಶಿಯಾದವು. ಪಂಪು ನಿಂತು ಕೂಕುಳು ಕೇಳಿದಾಗ ಬಲ್ಬು ಒಮ್ಮೆ ಬೆಳ್ಳಗಾಗುತ್ತಿತ್ತು, ರಾಶಿ ಸಡಿಲವಾಗುತ್ತಿತ್ತು, ಅಷ್ಟರಲ್ಲಿ ಇನ್ನೊಂದು ಪಂಪು. ಬೆಳಿಗ್ಗೆ ರಾಶಿಯ ಅಡಿಯಲ್ಲಿ ಕೆಲವು ಅಪ್ಪಚ್ಚಿಯಾಗಿರುತ್ತಿದ್ದವು. ತೆಂಗಿನ ಗೆರಟೆಯ ಕೆಂಡವನ್ನು ಮಡಕೆಯಲ್ಲಿ ಇಟ್ಟು ನೋಡಿದೆವು, ಹೊಗೆಗೆ ಇನ್ನಷ್ಟು ಸತ್ತವು. ಸೀತಕ್ಕ ಸತ್ತ ಮರಿಗಳನ್ನು ಬಾಳೆಬುಡದಲ್ಲಿ ಹುಗಿಯುವಾಗ ನಾನು, “ಭಟ್ಟರ ಹತ್ರ, ದೇರಣ್ಣನ ಹತ್ರ ಒಂದು ಮಾತು ಹೇಳ್ಬಾರ್ದಾ?” ಎಂದೆ.

“ಎಂತ ಹೇಳುದು ಟೀಚರೇ? ನನ್ನ ಕೋಳಿಗೆ ಚಳಿ ಆಗ್ತದೆ, ನೀವು ತೋಟಕ್ಕೆ ನೀರು ಬಿಡಬೇಡಿ ಅಂತಲಾ? ಕೇಳುವವರಿಗೆ ನಾಚಿಕೆ ಬೇಡ್ವಾ.”

ನನಗೂ ಹೋಗಬೇಡಿ ಎಂದಳು. ನಾನು ಹೋಗಲಿಲ್ಲ. ಆದರೆ ಆ ಶನಿವಾರ ಶಾಲೆ ಬಿಟ್ಟು ಬರುವಾಗ ಬಸ್ಸು ನಿಲ್ಲುವಲ್ಲಿದ್ದ ಗೂಡಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೊಳ್ಳಲು ನಿಂತೆ. ಭಟ್ಟರು ಪೇಪರು ಓದುತ್ತಿದ್ದರು. ಪಕ್ಕದ ಬೆಂಚಿನಲ್ಲಿ ದೇರಣ್ಣ ಗೌಡರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಎಂತ ಟೀಚರೇ, ನಿಮ್ಮ ಮಕ್ಕಳು ಹೇಗುಂಟು?” ಎಂದರು ದೇರಣ್ಣ. “ಪಾಪ, ಅವುಗಳ ಅಮ್ಮ ಕರೆಂಟಾಫೀಸಿನಲ್ಲಿ ಉಂಟಲ್ಲ. ರಜೆ ಸಿಕ್ಕುದಿಲ್ಲ ಕಾಣ್ತದೆ.”

ಅಂಗಡಿಯವನು ನಕ್ಕ. ಭಟ್ಟರೂ ಪೇಪರಿನ ಹಿಂದೆ ನಕ್ಕರು.

“ಸಂಜೆ ರಾಶಿ ಬಿದ್ದು ಸಾಯ್ತಾ ಉಂಟು. ನಾಳೆ ಸೀತಕ್ಕನ ಅಣ್ಣ ಕರ್ಕೊಂಡು ಹೋಗ್ಲಿಕ್ಕೆ ಬರ್ತಾರೆ,” ಎಂದೆ. ಅಷ್ಟೇ. ಪಂಪಿನ ಸುದ್ದಿ ಎತ್ತಲಿಲ್ಲ.

ಆಮೇಲೆ ಒಬ್ಬರು, “ಎಷ್ಟು ದಿನ ಬೇಕಂತೆ ಶಾಖ?” ಎಂದು ಕೇಳಿದರು.

“ಪುಕ್ಕ ಬರುವವರೆಗೆ,” ಎಂದೆ.

ಕೇಳಿದ್ದು ಯಾರು? ಈ ಪ್ರಶ್ನೆಯನ್ನು ನಾನು ಭಟ್ಟರ ದನಿಯಲ್ಲಿ ಕೇಳಬಲ್ಲೆ, ಪೇಪರು ಮಡಚುವ ಸದ್ದಿನೊಂದಿಗೆ. ದೇರಣ್ಣನ ದನಿಯಲ್ಲೂ ಕೇಳಬಲ್ಲೆ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡ ಮಾತಿನಂತೆ. ಎರಡೂ ಅಷ್ಟೇ ನಿಜದ ಹಾಗೆ ಕೇಳುತ್ತವೆ. ಎರಡರಲ್ಲಿ ಒಂದನ್ನು ನಾನು ಮಾಡಿಕೊಂಡಿದ್ದೇನೆ.

ಆದಿತ್ಯವಾರ ಮಧ್ಯಾಹ್ನ ಕುಶಾಲಪ್ಪ ಬಂದ. ಗೂಡಿನೊಳಗೆ ಬಗ್ಗಿ ನೋಡಿದ. ಸಂಜೆ ಪಂಪು ಶುರುವಾಯಿತು, ಬಲ್ಬು ಕುಗ್ಗಿತು. ಮರಿಗಳು ರಾಶಿ ಬೀಳತೊಡಗಿದವು. ಸೀತಕ್ಕ ಮೊಣಕಾಲೂರಿ ಎರಡೂ ಕೈಯಲ್ಲಿ ರಾಶಿಯನ್ನು ಬಿಡಿಸುತ್ತಿದ್ದಳು. ಬಿಡಿಸಿದಲ್ಲಿ ಮತ್ತೆ ಕೂಡುತ್ತಿದ್ದವು.

“ಸಾಕು ಸೀತಾ,” ಎಂದ ಅವನು. ಗದರಿಸಿದ್ದಲ್ಲ. “ನೀನು ಮಾಡಿದಷ್ಟು ಯಾರೂ ಮಾಡ್ಲಿಕ್ಕಿಲ್ಲ. ಸೀರೆಗಳನ್ನು ಗಂಟು ಕಟ್ಟಿಕೋ, ನಾಳೆ ಫಸ್ಟ್ ಬಸ್ಸಿಗೆ ಹೋಗುವ.”

ಅವಳು ರಾಶಿ ಬಿಡಿಸುತ್ತಲೇ ಇದ್ದಳು. ನಾನು ತಿದ್ದದ ಕಾಪಿ ಪುಸ್ತಕವೊಂದನ್ನು ಸುಮ್ಮನೆ ತೆರೆದುಕೊಂಡಿದ್ದೆ. ಆ ಪುಟದ ಮೇಲೆ ಅಕ್ಷರಗಳು ಒಮ್ಮೆಲೇ ಕಪ್ಪಾದವು. ಬಲ್ಬು ಬೆಳ್ಳಗಾಗಿತ್ತು.

ಪಂಪು ಹಾಕಿ ತುಂಬ ಹೊತ್ತೇನೂ ಆಗಿರಲಿಲ್ಲ. ಇನ್ನು ಕೂಕುಳು ಬರುತ್ತದೆ, ಆಮೇಲೆ ಇನ್ನೊಂದು ಪಂಪು, ಎಂದು ಮೂವರೂ ಕಿವಿಗೊಟ್ಟು ಕೂತೆವು. ಕೂಕುಳು ಬರಲಿಲ್ಲ. ಬಲ್ಬು ಇಳಿಯಲಿಲ್ಲ. ಹರಿವಾಣವನ್ನು ಅಲುಗಿಸಿದರೆ ಅಕ್ಕಿ ಹರಡುವುದಿಲ್ಲವೇ, ಹಾಗೆ ಮರಿಗಳು ನಿಧಾನವಾಗಿ ಹುಡಿಯ ಮೇಲೆಲ್ಲ ಹರಡಿದವು. ಕೆಲವು ನೀರು ಕುಡಿದವು. ಒಂದು ಕುಶಾಲಪ್ಪನ ಕಾಲಬೆರಳನ್ನು ಕುಕ್ಕಿತು.

“ಇಲ್ಲಿ ಕೂಕುಳು ಹಾಕುವ ಕ್ರಮ ಇಲ್ವಾ?” ಎಂದು ಕೇಳಿದ ಅವನು. ಮಂಡೆಕೋಲಿನಲ್ಲೂ ಅದೇ ಕ್ರಮವಂತೆ.

“ಉಂಟು,” ಎಂದಳು ಸೀತಕ್ಕ.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಸಂಜೆ ಪಂಪು ಶುರುವಾಗುವುದು, ಸ್ವಲ್ಪದರಲ್ಲಿ ನಿಲ್ಲುವುದು, ಕಣಿವೆಯಲ್ಲಿ ಸದ್ದೇ ಇಲ್ಲ. ಸೋಮವಾರ ಫಸ್ಟ್ ಬಸ್ಸಿಗೆ ಕುಶಾಲಪ್ಪ ಒಬ್ಬನೇ ಹೋಗಿದ್ದ. ಮುಂದಿನ ಆದಿತ್ಯವಾರ ಬಂದವನ ಹೆಗಲ ಮೇಲೆ ಒಂದು ಗೋಣಿ ತವುಡು ಇತ್ತು.

“ಇದು ಎಂತದು?” ಎಂದಳು ತಂಗಿ.

“ನಿನಗಲ್ಲ, ಅವಕ್ಕೆ,” ಎಂದು ಗೋಣಿಯನ್ನು ಗೂಡಿನ ಬಾಗಿಲಲ್ಲಿ ಇಳಿಸಿದ. ಮನೆಗೆ ಬಾ ಎಂದು ಆಮೇಲೆ ಅವನು ಕರೆದದ್ದು ನನಗೆ ನೆನಪಿಲ್ಲ. ಕರೆದಿರಲೂಬಹುದು.

ನಿಲ್ಲಿಸುತ್ತಿದ್ದವರು ಭಟ್ಟರು ಎಂದು ಸೀತಕ್ಕನ ವಾದ. ದೇರಣ್ಣ ಎಂದು ನನ್ನದು. ಬಲ್ಬು ಎಷ್ಟು ಕುಗ್ಗುತ್ತದೆ ಎಂಬುದರ ಮೇಲೆ ಯಾರ ಪಂಪೆಂದು ಹೇಳಬಲ್ಲೆ ಎಂಬ ಭ್ರಮೆ ನಮಗಿಬ್ಬರಿಗೂ ಇತ್ತು. ಆ ತಿಂಗಳು ಮೊದಲ ಸರದಿ ಯಾರದ್ದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಕಡೆಗೆ ನಾನೇ ದಾರಿಯಲ್ಲಿ ಸಿಕ್ಕಿದ ದೇರಣ್ಣನನ್ನು ಕೇಳಿದೆ.

“ನಾನಾ? ನನ್ನ ಪಂಪಿನ ಫುಟ್‌ವಾಲ್ವಿಗೆ ಏಡಿ ಸಿಕ್ಕಿದೆ ಮಾರಾಯ್ರೆ. ನೀರೇ ಎಳೆಯುದಿಲ್ಲ.”

ಭಟ್ಟರಲ್ಲಿಗೆ ಮಜ್ಜಿಗೆ ತರುವ ನೆವದಲ್ಲಿ ಹೋದೆ. “ಮೋಟರು ಬಿಸಿ ಆಗ್ತದೆ ಟೀಚರೇ, ಅದಕ್ಕೆ ರೆಸ್ಟು ಕೊಟ್ಟದ್ದು,” ಎಂದರು. “ಕೋಳಿಗಾಗಿ ಭಟ್ರು ಪಂಪು ನಿಲ್ಲಿಸಿದ್ರು ಅಂತ ಅಂಗಡಿಯಲ್ಲಿ ಹೇಳ್ಬೇಡಿ ಮತ್ತೆ.” ಹಾಗೆ ಹೇಳುವಾಗ ನಕ್ಕರೋ ಇಲ್ಲವೋ. ಅವರ ಹಿತ್ತಿಲಿನ ಮುಳ್ಳುಸೌತೆ ಬಳ್ಳಿ ಬಾಡಿತ್ತು. ದೇರಣ್ಣನ ಗದ್ದೆಯ ಅಲಸಂಡೆಯೂ ಬಾಡಿತ್ತು. ಪತ್ತೇದಾರಿಗೆ ಇಷ್ಟು ಸಾಕು ಎಂದು ಹೊರಟಿದ್ದ ನನಗೆ ಎರಡು ಕಡೆಯ ಬಾಡಿದ ಬಳ್ಳಿ ಸಿಕ್ಕಿ ಕೇಸು ಕೆಟ್ಟಿತು.

ಮರಿಗಳಿಗೆ ಪುಕ್ಕ ಬಂತೆಂದು ನಾನು ಗೂಡಂಗಡಿಯಲ್ಲಿ ಹೇಳಿದ ಮರುದಿನ ಕಣಿವೆಯಲ್ಲಿ ಮತ್ತೆ ಕೂಕುಳು ಕೇಳಿತು. ಮರುದಿನವೇ ಎಂಬುದು ಕತೆಗೆ ತುಂಬ ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಸೀತಕ್ಕ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟು ಆ ದಿಕ್ಕಿಗೆ ನೋಡಿದಳು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಕೋಳಿಗಳು ದೊಡ್ಡವಾದ ಮೇಲೆ ಅವುಗಳ ಗೊಬ್ಬರವನ್ನು ಬುಟ್ಟಿಯಲ್ಲಿ ತುಂಬಿ ಭಟ್ಟರ ಮುಳ್ಳುಸೌತೆಗೂ ದೇರಣ್ಣನ ಅಲಸಂಡೆಗೂ ತಾನೇ ಹೊತ್ತು ಹಾಕಿ ಬಂದಳು.

“ಇದು ಎಂತಕ್ಕೆ ಸೀತಾ?” ಎಂದು ಭಟ್ಟರು ಜಗಲಿಯಿಂದ ಕೇಳಿದರಂತೆ.

“ಸುಮ್ಮನೆ ಭಟ್ರೇ. ಮೋಟರಿಗೆ ರೆಸ್ಟಲ್ವಾ, ಬಳ್ಳಿಗೆ ಸ್ವಲ್ಪ ಬಲ ಬರ್ಲಿ.”

“ಬಾವಿಯಿಂದ ದೂರ ಹಾಕು,” ಎಂದರಂತೆ.

ಜೂನಿನಲ್ಲಿ ನನಗೆ ಕಡಬದ ಕಡೆಗೆ ವರ್ಗವಾಯಿತು. ಸೀತಕ್ಕ ಕೊನೆಯವರೆಗೂ ಅದೇ ಮನೆಯಲ್ಲಿ ಇದ್ದಳು, ಉಪ್ಪಿನ ಡಬ್ಬಿ ತನಗೆ ಬೇಕಾದಲ್ಲಿ ಇಟ್ಟುಕೊಂಡು. ಈಗ ಅವಳೂ ಇಲ್ಲ, ಭಟ್ಟರೂ ಇಲ್ಲ, ದೇರಣ್ಣನೂ ಇಲ್ಲ.

ಹೋಟೆಲಿನಲ್ಲಿ ಕಾಫಿ ಆರುತ್ತಿತ್ತು. ಪಕ್ಕದ ಮೇಜಿನ ಬಲ್ಬೂ ನಮ್ಮದರಷ್ಟೇ ಕೆಂಪಗಿತ್ತು, ಎರಡಕ್ಕೂ ಒಂದೇ ತಂತಿ. ಅದನ್ನು ನೋಡುತ್ತಿದ್ದಾಗ ಇಷ್ಟು ವರ್ಷ ಹೊಳೆಯದ ಒಂದು ವಿಷಯ ಹೊಳೆಯಿತು. ನಾನು ಈವರೆಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದದ್ದು ಒಬ್ಬರಿಗೆ, ಪಂಪು ನಿಲ್ಲಿಸಿ ಕೂಕುಳು ಹಾಕದೆ ಮನೆಗೆ ನಡೆದವರಿಗೆ. ಆದರೆ ಆ ಸಂಜೆಗಳಲ್ಲಿ ಸರದಿ ಕಾಯುತ್ತಿದ್ದ ಇನ್ನೊಬ್ಬರ ಮನೆಯ ಬಲ್ಬೂ ಬೆಳ್ಳಗಾಗಿರಲೇಬೇಕು. ಲೈನು ಖಾಲಿ ಎಂದು ಅವರಿಗೂ ಕಂಡಿರಬೇಕು. ತೋಟ ಒಣಗುತ್ತಿತ್ತು, ಸ್ಟಾರ್ಟರು ಕೈಗೆಟಕುವಲ್ಲೇ ಇತ್ತು. ಆ ಮನುಷ್ಯ ಅದನ್ನು ಒತ್ತಲಿಲ್ಲ.

ಮನೆಗೆ ಬಂದು ಟ್ಯಾಂಕಿಗೆ ನೀರೇರಿಸಲು ಮೋಟರು ಹಾಕಿದೆ. ತುಂಬಿತು, ಆಫ್ ಮಾಡಿದೆ. ಪಕ್ಕದ ಮನೆಯ ಕಿಟಕಿಯ ಬೆಳಕು ಏರಿತೇ ಎಂದು ನೋಡಿದೆ. ಏನೂ ಆಗಲಿಲ್ಲ, ಈಗಿನ ತಂತಿಗಳು ದಪ್ಪ. ಆದರೂ ಸ್ವಿಚ್ಚಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಇನ್ನು ಮೇಲೆ ಇಬ್ಬರಿಗೂ ಕೈಮುಗಿಯಬೇಕು.

ನಿಲ್ಲಿಸಿದವರು ಯಾರೆಂದು ನನಗೆ ಗೊತ್ತಿಲ್ಲ. ತಮ್ಮ ಪಂಪು ಹಾಕದೆ ಕೂತವರು ಮರಿಗಳಿಗಾಗಿಯೇ ಕೂತರೋ, ಕೂಕುಳು ಕೇಳಲಿ ಎಂದು ಕಾಯುತ್ತಾ ಕೂತರೋ, ಅದೂ ಗೊತ್ತಿಲ್ಲ.