ಹಿಮದ ನಾಡಿ ನೋಡುವ ಯಂಗ್‌ಡೋಲ್

ಬೆಳಗಿನ ಆರೂವರೆ. ಲಾಹೌಲ್ ಕಣಿವೆಯ ಛೋರ್ಲಿಂಗ್ ಊರಿನ ಹಿಂದಿನ ದಿಬ್ಬದಲ್ಲಿ, ತಾವೇ ತೋಡಿದ ಎದೆಮಟ್ಟದ ಹಿಮದ ಗುಂಡಿಯೊಳಗೆ ಯಂಗ್‌ಡೋಲ್ ನಿಂತಿದ್ದಾರೆ. ಕೈಗವಸು ಕಳಚಿ, ಗುಂಡಿಯ ಗೋಡೆಯ ಮೇಲೆ ಮೇಲಿಂದ ಕೆಳಗೆ ಬೆರಳಾಡಿಸುತ್ತಾರೆ.

"ಮೇಲಿಂದು ನಿನ್ನೆ ಬಿದ್ದಿದ್ದು, ಮೆತ್ತಗಿದೆ. ಕೆಳಗಿಂದು ಗಟ್ಟಿ. ನಡುವೆ ಸಕ್ಕರೆ ಥರ ಉದುರೋದು ಸಿಕ್ಕಿದ್ರೆ ಮಾತ್ರ ಕಷ್ಟ. ಅದರ ಮೇಲೆ ಯಾವ ಹಿಮವೂ ನಿಲ್ಲಲ್ಲ."

ಹಿಮದಲ್ಲೇ ಒಂದು ಕಂಬ ಕತ್ತರಿಸಿ, ಅದರ ನೆತ್ತಿಯ ಮೇಲೆ ಸಲಿಕೆಯಿಟ್ಟು ತಟ್ಟುತ್ತಾರೆ. ಮಣಿಕಟ್ಟಿನಿಂದ ಹತ್ತು ಏಟು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಎಷ್ಟನೆಯ ಏಟಿಗೆ ಕಂಬ ಜಾರಿತು ಎಂಬುದೇ ಆ ದಿನದ ಭವಿಷ್ಯ. ಇವತ್ತು ಮೂವತ್ತಕ್ಕೂ ಜಗ್ಗಿಲ್ಲ. ಹೊಸ ಹಿಮ ಮೂರು ಅಂಗುಲ, ಚಳಿ ಸೊನ್ನೆಗಿಂತ ಹನ್ನೊಂದು ಕೆಳಗೆ. ಲೆಕ್ಕ ಫೋನಿನಲ್ಲಿ, ಹಿಮಕುಸಿತದ ಮುನ್ನೆಚ್ಚರಿಕೆ ಕೊಡುವ ಕೆಳಗಿನ ಕಚೇರಿಗೆ ಹೋಗುತ್ತದೆ. ಹದಿನಾಲ್ಕು ಚಳಿಗಾಲಗಳಿಂದ, ನವೆಂಬರಿನಿಂದ ಏಪ್ರಿಲ್‌ವರೆಗೆ, ಒಂದು ಬೆಳಗೂ ತಪ್ಪಿಲ್ಲ.

ಮನೆಯಲ್ಲಿ ಒಲೆಯ ಪಕ್ಕ ಉಣ್ಣೆ ನೂಲುತ್ತಿದ್ದ ಗಂಡ ಪುಂಛೋಗ್ ಬೆಣ್ಣೆ ಚಹಾ ಬಗ್ಗಿಸುತ್ತಾ ನನ್ನತ್ತ ತಿರುಗಿ ದೂರು ಹೇಳುತ್ತಾರೆ: "ಮದ್ವೆಯಾಗಿ ಮೂವತ್ತು ವರ್ಷ ಆಯ್ತು ಮಾಸ್ತರೇ. ಆ ಹಿಮಾನ ನೋಡ್ಕೊಂಡಷ್ಟು ನನ್ನ ನೋಡ್ಕೊಂಡಿಲ್ಲ."

"ನೀನು ಜಾರಿ ಬಿದ್ರೆ ಊರು ಮುಳುಗಲ್ಲ ಬಿಡು," ಎನ್ನುತ್ತಾರೆ ಈಕೆ.

ಈ ಊರಿನ ಶಾಲೆಯಲ್ಲಿ ಹದಿನಾರು ವರ್ಷ ಕಳೆದ ನನಗೂ ಅವರ ಕೆಲಸದ ತೂಕ ತಿಳಿದದ್ದು ಮೂರು ವರ್ಷದ ಹಿಂದಿನ ಫೆಬ್ರವರಿಯಲ್ಲಿ. ಅವರ ತವರು ಮುರ್ಪಾ, ಎದುರಿನ ಕೊರಕಲು ದಾಟಿದರೆ ಬರಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿ ತಾಯಿ ಕೊನೆಯ ಹಂತದಲ್ಲಿದ್ದರು. ಅಣ್ಣ ಲೋಟಸ್ ಫೋನ್ ಮಾಡಿ, "ಈಗಲೇ ಹೊರಡು" ಎಂದ. ಸುದ್ದಿ ಕೇಳಿ ಐದು ಮಂದಿ ನೆಂಟರು ಕೋಲು ಹಿಡಿದು ಅಂಗಳದಲ್ಲಿ ನಿಂತರು. "ನೀನು ಹೊರಟ್ರೆ ನಾವೂ ಬರ್ತೀವಿ" ಎಂದರು.

ಯಂಗ್‌ಡೋಲ್ ಮೊದಲು ಸಲಿಕೆ ಹಿಡಿದು ದಿಬ್ಬ ಹತ್ತಿದರು. ಮೂರನೆಯ ಏಟಿಗೇ ಕಂಬ ಜಾರಿ ಅವರ ಮಡಿಲಿಗೆ ಬಿತ್ತು.

"ಕೂತು ಅತ್ತೆ. ಆಮೇಲೆ ಆಮಾಗೆ ಫೋನ್ ಮಾಡ್ದೆ. 'ಹಿಮ ಹೇಗಿದೆ?' ಅಂದ್ಳು. 'ಸರಿಯಿಲ್ಲ ಆಮಾ' ಅಂದೆ. 'ಹಾಗಾದ್ರೆ ಅಲ್ಲೇ ಇರು. ನಾನೇನು ಎದ್ದು ಓಡಿ ಹೋಗ್ತೀನಾ?' ಅಂದ್ಳು."

ಮರುದಿನ ಬೆಳಗಾಗುವ ಹೊತ್ತಿಗೆ ತಾಯಿ ಇರಲಿಲ್ಲ. ಹಿಮ ಗಟ್ಟಿಯಾಗಿ ಯಂಗ್‌ಡೋಲ್ ಕೊರಕಲು ದಾಟಿದ್ದು ಆರನೆಯ ದಿನ. ಅಷ್ಟರಲ್ಲಿ ಚಿತೆ ಆರಿತ್ತು. ಕೊರಕಲಿನ ಮೇಲಿನ ಹಿಮದ ಇಳಿಜಾರು ಅಂದೂ ಕುಸಿಯಲಿಲ್ಲ, ಆ ವಾರವೂ ಕುಸಿಯಲಿಲ್ಲ.

"ಬೀಳಲೇ ಇಲ್ಲವಲ್ಲ! ನಿನ್ನ ಸಲಿಕೆ ನಿಂಗೆ ಅಮ್ಮನಿಗಿಂತ ಹೆಚ್ಚಾಯ್ತಾ?" ಎಂದು ಅಣ್ಣ ಬಾಗಿಲಲ್ಲೇ ಕೇಳಿದ. ಒಂದು ವರ್ಷ ಮಾತಾಡಲಿಲ್ಲ.

"ಅವನ ಮಾತು ತಪ್ಪಲ್ಲ," ಎನ್ನುತ್ತಾರೆ ಯಂಗ್‌ಡೋಲ್, ಬಟ್ಟಲನ್ನೇ ನೋಡುತ್ತಾ. "ಹೋಗಿದ್ರೆ ದಾಟ್ತಿದ್ದೆನೋ ಏನೋ. ಆದ್ರೆ ಹನ್ನೊಂದು ವರ್ಷ ಊರಿಗೆಲ್ಲ 'ಬೇಡ' ಅಂದವಳು, ನನ್ನ ಅಮ್ಮ ಅಂತ 'ಪರ್ವಾಗಿಲ್ಲ' ಅನ್ನೋಕಾಗುತ್ತಾ? ಹಿಂದೆ ಐದು ಜನ ಬರ್ತಿದ್ರು."

ಮೊದಲೆಲ್ಲ ಅವರ ಮಾತು ಕೇಳಿ ನಕ್ಕು ಮುಂದೆ ಹೋಗುತ್ತಿದ್ದವರು, ಆ ಚಳಿಗಾಲದ ನಂತರ ಅವರ ಬಾಗಿಲು ತಟ್ಟದೆ ಕೊರಕಲಿಗೆ ಇಳಿಯುವುದಿಲ್ಲ. ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರಲು ಬರುವ ಪರದೇಶದ ಹುಡುಗರೂ ಅಷ್ಟೇ.

ಅಣ್ಣನ ಫೋನ್ ಬಂದದ್ದು ಮುಂದಿನ ಜನವರಿಯಲ್ಲಿ. ಮಗಳನ್ನು ಪರೀಕ್ಷೆಗೆ ಈಚೆ ದಾಟಿಸಬೇಕಿತ್ತು. ಹೆಸರು ಹೇಳಲಿಲ್ಲ, ಕ್ಷೇಮ ಕೇಳಲಿಲ್ಲ. "ಇವತ್ತು ಹೇಗಿದೆ?" ಎಂದಷ್ಟೇ ಕೇಳಿದ. ಅವತ್ತು 'ಬೇಡ' ಎಂದರು. ಅವನು ಎರಡು ದಿನ ಕಾದ. ಅಂದಿನಿಂದ ದಿನವೂ ಕೇಳುತ್ತಾನೆ.

ನಾವು ಮಾತಾಡುತ್ತಿರುವಾಗಲೇ ಮತ್ತೆ ಅಣ್ಣನ ಫೋನ್ ಬರುತ್ತದೆ. "ಗಟ್ಟಿಯಿದೆ ಆಚೊ, ಬಾ. ಬಿಸಿಲೇರೋಕೆ ಮುಂಚೆ ದಾಟಿಬಿಡು," ಎನ್ನುತ್ತಾರೆ.

ಪತ್ರಿಕೆಗೆ ಅವರ ಬಗ್ಗೆ ಬರೆಯಲೆಂದು ಬಂದ ನಾನು, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಹಿಟ್ಟಿನ ಡಬ್ಬಿ ಇಳಿಸುತ್ತಾರೆ.

"ಜನಕ್ಕೆ ನನ್ನ 'ಬೇಡ' ಮಾತ್ರ ನೆನಪಿರುತ್ತೆ. ವರ್ಷದಲ್ಲಿ 'ಹೋಗಿ ಬನ್ನಿ' ಅನ್ನೋ ದಿನಗಳೇ ಜಾಸ್ತಿ ಮಾಸ್ತರೇ. ಪೇಪರಲ್ಲಿ ಅದನ್ನೂ ಬರೀರಿ."