ನೀರು ಬಿದ್ದ ಬಾಗಿಲು

ಕಳೆದ ತಿಂಗಳು ಅಡುಗೆಮನೆಯಲ್ಲಿ ವಿನೆಗರ್ ಬಾಟಲಿ ಬಿದ್ದು ಒಡೆಯಿತು. ಆ ಹುಳಿ ವಾಸನೆಗೆ ಚನ್ನಗಿರಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಅದೇ ವಾಸನೆಯ ರಾಸಾಯನಿಕದಿಂದ ಫಿಲ್ಮ್ ತೊಳೆಯುತ್ತಿದ್ದ ಕತ್ತಲೆ ಕೋಣೆ ನೆನಪಾಯಿತು. ಅದರ ಮಾಲೀಕರು ಊರಿಗೆಲ್ಲ ‘ಸ್ಟುಡಿಯೋ ಸಾಬ್ರು’. ನಾನು ಆಗ ಹೊಸ ವರದಿಗಾರ, ನನ್ನ ಬಳಿ ಕ್ಯಾಮೆರಾ ಇರಲಿಲ್ಲ. ಚಿತ್ರ ಬೇಕಾದಾಗಲೆಲ್ಲ ಅವರೇ ಜೊತೆಗೆ ಬರುತ್ತಿದ್ದರು.

ಕೋಟೆಯ ಕೆಳಗಿನ ಹಳೇ ಬೀದಿಯಲ್ಲಿ ರಸ್ತೆ ಅಗಲ ಮಾಡಲು ಮನೆಗಳ ಮುಂಭಾಗ ಒಡೆಯುವುದೆಂದು ನಿಗದಿಯಾಗಿತ್ತು. ಕೆತ್ತನೆಯ ಬಾಗಿಲು, ಕಲ್ಲಿನ ಜಗಲಿ ಎಲ್ಲ ಆ ದಿನ ಹತ್ತು ಗಂಟೆಗೆ ಹೋಗುವುದಿತ್ತು. ಅಷ್ಟರೊಳಗೆ ಚಿತ್ರ ಸಿಗದಿದ್ದರೆ ಮತ್ತೆಂದೂ ಇಲ್ಲ. ಬೆಳಕು ಹರಿಯುವ ಮೊದಲೇ ಇಬ್ಬರೂ ಹೋಗಿ ನಿಂತೆವು. ಬೀದಿ ಖಾಲಿಯಿತ್ತು. ನನಗೆ ಬೇಕಿದ್ದದ್ದೂ ಅದೇ. ‘ನಿರ್ಜನ ಬೀದಿ’ ಎಂದು ಅಡಿಬರಹವನ್ನೂ ಬರೆದಿಟ್ಟುಕೊಂಡಿದ್ದೆ...

“ತೆಗೀರಿ ಸಾಬ್ರೇ,” ಎಂದೆ.

ಅವರು ಕ್ಯಾಮೆರಾ ಎತ್ತಲಿಲ್ಲ. “ಬಾಗಿಲಿಗೆ ಇನ್ನೂ ನೀರು ಬಿದ್ದಿಲ್ಲ, ನೋಡ್ರಿ. ನೀರು, ರಂಗೋಲಿ ಇಲ್ದಿದ್ರೆ ಸಾವಾದ ಮನೆ ಅಂತಾರೆ. ಬದುಕಿರೋ ಜನನ ಪೇಪರ್‌ನಾಗೆ ಹೆಂಗ್ರೀ ಸಾಯಿಸ್ತೀರಿ?”

ಕಾದೆವು. ಬೆಳಕು ಏರುತ್ತಿತ್ತು, ಅದರ ಜೊತೆ ನನ್ನ ಸಿಟ್ಟೂ.

ಕೊನೆಗೆ ಎದುರುಮನೆಯ ಅಜ್ಜಿ ಬಕೆಟ್ ಹಿಡಿದು ಹೊರಗೆ ಬಂದರು. “ಏನ್ ಸಾಬ್ರೇ, ಕೆಡವೋರ ಜೊತೆ ನೀವೂ ಸೇರ್ಕಂಡ್ರಾ?”

“ಇಲ್ಲವ್ವ, ನಿನ್ನ ಬಾಗಿಲ ಫೋಟೋ ತೆಗಿಯಾಕೆ ಬಂದೀವಿ.”

“ಐವತ್ತು ವರ್ಷ ತೊಳೆದೋಳು ನಾನು, ಫೋಟೋ ಮಾತ್ರ ಬಾಗಿಲಿಗಾ?”

ಸಾಬ್ರು ನಕ್ಕರು. “ಹಂಗಾರೆ ನೀನೂ ನಿಂತ್ಕಾ.”

ಅಜ್ಜಿ ನಿಲ್ಲಲಿಲ್ಲ. ಇನ್ನು ಕೆಲವೇ ಗಂಟೆ ಇರಲಿದ್ದ ಹೊಸ್ತಿಲನ್ನು ಎಂದಿನಂತೆ ತೊಳೆದು, ಬಗ್ಗಿ ರಂಗೋಲಿಯ ಎಳೆ ಬಿಡತೊಡಗಿದರು. ಸಾಬ್ರು ಆಗ ಕ್ಯಾಮೆರಾದ ಗುಂಡಿ ಒತ್ತಿದರು. ನಾನು ನನ್ನ ಅಡಿಬರಹ ಹೊಡೆದುಹಾಕಿದೆ. ಇಲ್ಲದ್ದನ್ನು ಬರೆಯಬಾರದು ಎಂದು ಕಚೇರಿಯಲ್ಲಿ ಹಲವರು ಹೇಳಿದ್ದರು. ಇರುವವರನ್ನು ಅಳಿಸಬಾರದು ಎಂದು ತೋರಿಸಿಕೊಟ್ಟವರು ಸಾಬ್ರು.

ಚಿತ್ರ ಅಚ್ಚಾಯಿತು. ಅದರ ಕೆಳಗೆ ಸಾಬ್ರ ಹೆಸರಿರಲಿಲ್ಲ. ಏಕೆಂದು ನಾನೂ ಕಚೇರಿಯಲ್ಲಿ ಕೇಳಲಿಲ್ಲ, ಅವರೂ ನನ್ನನ್ನು ಕೇಳಲಿಲ್ಲ...

ಈ ನೆನಪಿನ ಬೆನ್ನು ಹತ್ತಿ ಮೊನ್ನೆ ಹೊನ್ನಾಳಿಯಲ್ಲಿರುವ ಅಜ್ಜಿಯ ಮಗಳ ಮನೆಗೆ ಹೋದೆ. ಅಜ್ಜಿ ಈಗಿಲ್ಲ. ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಚೌಕಟ್ಟಿನೊಳಗೆ ಗೋಡೆಯ ಮೇಲಿತ್ತು.

“ನಮ್ಮವ್ವಂದು ಇದೊಂದೇ ಫೋಟೋ ಐತ್ರಿ,” ಎಂದರು ಮಗಳು. “ನೀವೇ ತೆಗೆದಿದ್ದಲ್ವಾ?”

ಅಲ್ಲ, ಸ್ಟುಡಿಯೋ ಸಾಬ್ರು ತೆಗೆದದ್ದು ಎಂದೆ. ಸಾಬ್ರು ತೀರಿಕೊಂಡು ಆರು ವರ್ಷವಾಗಿದೆ. ಈ ಚಿತ್ರ ಅವರದೆಂದು ಅವರು ಇದ್ದಾಗಲೇ ಹೇಳಬೇಕಿತ್ತು, ಹೇಳಿರಲಿಲ್ಲ. ಚೌಕಟ್ಟು ಇಳಿಸಿಕೊಡಿ ಎಂದು ಕೇಳಿ, ಅದರ ಹಿಂಬದಿಯಲ್ಲಿ ಸಾಬ್ರ ಪೂರ್ತಿ ಹೆಸರು ಬರೆದೆ. ಕಾಗುಣಿತವನ್ನು ಎರಡು ಸಲ ನೋಡಿಕೊಂಡೆ.