ಬೀಗರಿಗೆ ಹಾಕಿದ ಬೀಗ

ಬೀದಿಯ ಕೊನೆಯ ಮನೆಯವನನ್ನು ಎಲ್ಲರೂ ಕೊಡಲಿಮಾವ ಅನ್ನುತ್ತಿದ್ದರು. ನಲವತ್ತು ವರ್ಷ ಗುಡ್ಡ ಹತ್ತಿ, ಬಿದ್ದ ಒಣಕೊಂಬೆ, ಒಣಬೊಡ್ಡೆ ಹೊತ್ತು ತಂದು, ಒಡೆದು, ಚಳಿಗಾಲವೆಲ್ಲ ಮನೆಯನ್ನು ಬೆಚ್ಚಗಿಟ್ಟವನು. ಬೊಡ್ಡೆಯನ್ನು ನಿಲ್ಲಿಸಿ ಒಂದು ಸುತ್ತು ಬರುತ್ತಿದ್ದ. ಬಿರುಕು ಕಂಡಲ್ಲಿಗೇ ಏಟು, ಗಂಟು ಇದ್ದಲ್ಲಿಗೆ ಬೆಣೆ. ಅವಸರ ಅನ್ನುವುದೇ ಇಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಈ ತಾಳ್ಮೆ ಇರಲಿಲ್ಲ. ಹಾಲು ತೆಳ್ಳಗಿದ್ದರೆ ಹಾಲಿನವಳ ಮೇಲೆ ಅನುಮಾನ. ಬೆಕ್ಕು ದಪ್ಪಗಾದರೆ ಪಕ್ಕದ ಮನೆಯವರ ಮೇಲೆ ಅನುಮಾನ, ನಮ್ಮ ಬೆಕ್ಕಿಗೆ ಯಾಕೆ ತಿನ್ನಿಸುತ್ತಿದ್ದಾರೆ ಅಂತ.

ಆ ವರ್ಷ ಬಿರುಗಾಳಿಗೆ ಬೀದಿಯ ತುದಿಯ ದೊಡ್ಡ ಹಸಿಮರ ಉರುಳಿತು. ಕೊಡಲಿಮಾವ ಮತ್ತು ಅವನ ಬೀಗ ಸೇರಿ ಅದನ್ನು ಕೊಯ್ದು, ಒಡೆದು, ಸಮಪಾಲು ಮಾಡಿಕೊಂಡರು. ಬೀಗ ಗಡಿಯಾರ ರಿಪೇರಿಯವನು. ನಾಲ್ಕು ಮನೆ ಆಚೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಕೊಡಲಿಮಾವನ ಒಬ್ಬಳೇ ಮಗಳು ಆ ಮನೆಯ ಸೊಸೆ, ಅವಳ ಮಗುವಿಗೆ ಐದು ತಿಂಗಳು. ಅಲ್ಲಿನ ಕಿಟಕಿಗಳಲ್ಲಿ ಗಾಳಿ ನುಗ್ಗುತ್ತದೆಂದು, ಚಳಿ ಜೋರಾದ ತಿಂಗಳು ಅವಳು ಮಗುವಿನೊಂದಿಗೆ ತವರಿನಲ್ಲಿರುವುದೆಂದು ಮಾತಾಗಿತ್ತು. ಆ ತಿಂಗಳಿಗೆಂದೇ ಈ ಸೌದೆ. ಕೊಡಲಿಮಾವ ರಾಶಿಯ ಮೇಲ್ತುದಿಗೆ ಸರಿಯಾಗಿ ಗೋಡೆಯ ಮೇಲೆ ಇದ್ದಿಲ ಗೆರೆ ಎಳೆದ. ಸಾಲದೆಂದು ಮುನ್ನೂರ ಹನ್ನೆರಡು ತುಂಡುಗಳಿಗೂ ಒಂದೊಂದು ಬೊಟ್ಟಿಟ್ಟ.

ತಿಂಗಳು ಕಳೆಯಿತು. ರಾಶಿ ಗೆರೆಯಿಂದ ಎರಡು ಬೆರಳು ಕೆಳಗಿತ್ತು.

"ಯಾರೋ ಕೈ ಹಾಕಿದಾರೆ," ಅಂದ.

"ಇಲಿ ತಿಂದಿರಬೇಕು ಬಿಡಿ," ಅಂದಳು ಹೆಂಡತಿ, ಕಾಳು ಆರಿಸುತ್ತ.

"ಎರಡು ಕಾಲಿನ ಇಲಿ. ಸೌದೆಕೋಣೆ ಚಿಲಕ ಹೇಗೆ ತೆಗೀಬೇಕು ಅಂತ ಬೀಗನಿಗೆ ಬಿಟ್ರೆ ಯಾರಿಗೆ ಗೊತ್ತು?"

ಅಂದೇ ಹೋಗಿ ಬೀಗ ತಂದ.

"ಬೀಗರಿಗೇ ಬೀಗ ಹಾಕ್ತೀರಾ? ಬೀದಿಯವರು ನಗ್ತಾರೆ."

"ನಗಲಿ. ನಕ್ಕವರ ಮೇಲೂ ಒಂದು ಕಣ್ಣಿಡ್ತೀನಿ."

ಬೀಗ ಜಡಿದ ಮೇಲೂ ರಾಶಿ ಇನ್ನೊಂದು ಬೆರಳು ಇಳಿಯಿತು. ಈಗ ಕೊಡಲಿಮಾವನಿಗೆ ಖಾತ್ರಿಯಾಯಿತು. ಕೀಲಿ ಇಲ್ಲದೆ ಬೀಗ ತೆಗೆಯುವವರು ಯಾರು? ಕೂದಲಿನಷ್ಟು ಸಣ್ಣ ಸ್ಕ್ರೂ ಬಿಚ್ಚುವವರು. ಸಾಲದ್ದಕ್ಕೆ ಒಂದು ಮಧ್ಯಾಹ್ನ ಬೀಗ ತಾನೇ ಬಂದು, ಬೀಗವನ್ನು ಅಂಗೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ, "ಸ್ಪ್ರಿಂಗು ಸಡಿಲ ಇದೆ ಬೀಗರೇ, ಒಂದು ತೊಟ್ಟು ಎಣ್ಣೆ ಬಿಡಿ," ಅಂದು ಹೋದ.

ಮರುದಿನ ಮಗಳು ಮಗುವನ್ನೆತ್ತಿಕೊಂಡು ಬಂದಳು. ಕೊಡಲಿಮಾವ ಅವಳಿಗೆ ಕೂರಲೂ ಹೇಳಲಿಲ್ಲ.

"ನಿಮ್ಮನೆ ಒಲೇಲಿ ಉರೀತಿರೋದು ಯಾರ ಸೌದೆ ಮಗಳೇ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಸೌದೆಕೋಣೆಯ ಬೀಗ ನೋಡಿದಳು, ಅಪ್ಪನ ಮುಖ ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ಹಾಗಾದ್ರೆ ಇವನು ಕಳ್ಳನ ಮೊಮ್ಮಗ. ಇವನನ್ನ ನಿಮ್ಮ ಸೌದೆ ಹತ್ತಿರ ಒಂದು ತಿಂಗಳು ಹೇಗಪ್ಪ ಬಿಡೋದು? ನಾವು ಬರಲ್ಲ."

ಅವಳು ಹೋದ ಮೇಲೆ ಹೆಂಡತಿ ಕೈಚಾಚಿ ಕೀಲಿ ಇಸಿದುಕೊಂಡಳು. ಸೆರಗು ಸಿಕ್ಕಿಸಿ, ಇಡೀ ರಾಶಿಯನ್ನು ಅಂಗಳಕ್ಕೆ ಇಳಿಸಿದಳು. ಎಣಿಸಿದಳು, ಅವನಿಂದಲೂ ಎಣಿಕೆ ಮಾಡಿಸಿದಳು. ಮುನ್ನೂರ ಹನ್ನೆರಡು. ಎಲ್ಲದರ ಮೇಲೂ ಬೊಟ್ಟು. ತೊಗಟೆ ಕಳಚಿತ್ತು, ತುದಿಗಳು ಸೀಳಿದ್ದವು. ಎರಡು ಕೈ ಬೇಕಾಗಿದ್ದ ತುಂಡನ್ನು ಅವಳು ಒಂದೇ ಕೈಯಲ್ಲಿ ಅವನ ಕಾಲಬುಡಕ್ಕೆ ಎಸೆದಳು.

"ಹಸಿಮರ ರೀ. ನೀರಾರಿ ಕುಗ್ಗಿದೆ."

ನಲವತ್ತು ವರ್ಷ ಒಣಸೌದೆಯನ್ನೇ ಆಯ್ದವನು ಹಸಿಮರದ ರಾಶಿ ಹಾಕಿದ್ದು ಅದೇ ಮೊದಲು.

ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ, ಇದ್ದದ್ದೆಲ್ಲ ಹೇಳಿದ. ಬೀಗ ಕಣ್ಣಿನ ಮಸೂರ ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ನಮ್ಮ ರಾಶಿನೂ ಇಳಿದಿತ್ತು ಬೀಗರೇ."

"ಮತ್ತೆ?"

"ನೀವೇ ತಗೊಂಡಿರಬೇಕು ಅಂದ್ಕೊಂಡೆ."

"ಒಂದು ಮಾತು ಕೇಳಬಾರದಿತ್ತಾ?"

"ಒಳಗೆ ನಿಮ್ಮ ಮಗಳಿದ್ದಳಲ್ಲ. ಕೇಳಿಸ್ಕೋತಾಳೆ ಅಂತ ಸುಮ್ಮನಿದ್ದೆ."

ಕೊಡಲಿಮಾವ ಗಾಜಿನ ಪೆಟ್ಟಿಗೆಯ ಮೇಲೆ ಕೈಯೂರಿದ. ಗೋಡೆಯ ಗಡಿಯಾರಗಳು ಒಂದೊಂದು ಹೊತ್ತು ತೋರಿಸುತ್ತಿದ್ದವು.

ಚಳಿ ಜೋರಾಯಿತು. ಮಗಳು ಬಂದಳು, ಆದರೆ ಬರಿಗೈಯಲ್ಲಲ್ಲ. ಹಿಂದೆ ಬೀಗನ ಹೆಗಲ ಮೇಲೆ ಒಂದು ಕಟ್ಟು ಸೌದೆ. ಅದನ್ನು ಒಲೆಯ ಪಕ್ಕ ಬೇರೆಯಾಗಿ ಇಡಿಸಿದಳು.

"ಇದು ನಮ್ಮದು. ಎರಡು ದಿನಕ್ಕೆ ಸಾಕು. ಮುಗಿದ ಮೇಲೆ ಹೊರಡ್ತೀವಿ. ನಿಮ್ಮ ಸೌದೆ ಮುಟ್ಟಲ್ಲ."

ಕೊಡಲಿಮಾವ ತಲೆಯಾಡಿಸಿದ. ಒಲೆ ಉರಿಸುವ ಕೆಲಸ ಮಾತ್ರ ಯಾರಿಗೂ ಬಿಡಲಿಲ್ಲ.

ಆರನೇ ದಿನ ಮಗಳು ಆ ಕಟ್ಟಿನ ಮುಂದೆ ಕೂತು ಹುಬ್ಬು ಗಂಟಿಕ್ಕಿದಳು.

"ಅಪ್ಪ, ಇದು ಕಮ್ಮಿನೇ ಆಗ್ತಿಲ್ಲವಲ್ಲ."

ಅವನು ಮೊಮ್ಮಗನ ಪಾದಗಳನ್ನು ಒಲೆಯ ಕಾವಿಗೆ ಹಿಡಿದು ಬೆಚ್ಚಗೆ ಮಾಡುತ್ತಿದ್ದ.

"ಚೆನ್ನಾಗಿ ಒಣಗಿದ್ದಲ್ವಾ," ಅಂದ. "ಇನ್ನು ಕುಗ್ಗಲ್ಲ."